ಸ್ನೇಹಜೀವಿ: ಅಮ್ಮ ಬೇಡ ಅಂದ ಒಂದು ಪದದ ಹಿಂದೆ

ಇವತ್ತಿನ ಕಂತು ಒಂದೇ ಒಂದು ಪದದ ಬಗ್ಗೆ. ಅದಕ್ಕೂ ಮುಂಚೆ ನಮ್ಮನೆಯ ಒಂದು ಸಣ್ಣ ಜಗಳದ ಕಥೆ ಹೇಳ್ಬೇಕು.

ಹೋದ ವರ್ಷ ಅಪ್ಪ ತೀರಿಕೊಂಡ್ರು. ಶಿವರಾಂಪೇಟೆಯಲ್ಲಿ ಅವರದೊಂದು ಸ್ಟೇಷನರಿ ಅಂಗಡಿ ಇತ್ತು. ಪೆನ್ನು, ಪುಸ್ತಕ, ಜೆರಾಕ್ಸ್, ಅಷ್ಟೇ. ಹನ್ನೊಂದನೇ ದಿನಕ್ಕೆ ಪೇಪರ್‌ಗೆ ಶ್ರದ್ಧಾಂಜಲಿ ಜಾಹೀರಾತು ಕೊಡ್ಬೇಕು ಅಂತ ಅಣ್ಣ ನಾಲ್ಕು ಸಾಲು ಬರ್ಕೊಂಡು ಬಂದ. ಹೆಸರು, ಹುಟ್ಟಿದ ದಿನ, ಹೋದ ದಿನ, ಆಮೇಲೆ 'ಸರಳ ಸಜ್ಜನಿಕೆಯ ಸ್ನೇಹಜೀವಿ'. ಅಮ್ಮ ಕನ್ನಡಕ ಹಾಕ್ಕೊಂಡು ಓದಿದ್ರು. "ಸರಳ ಇರ್ಲಿ, ಸಜ್ಜನ ಇರ್ಲಿ. ಆ ಸ್ನೇಹಜೀವಿ ಅನ್ನೋದನ್ನ ತೆಗೆದುಬಿಡು" ಅಂದ್ರು. ಅಣ್ಣನಿಗೆ ಸಿಟ್ಟು ಬಂತು. ಅಪ್ಪನ್ನ ಬಲ್ಲ ನೂರು ಜನರನ್ನ ಕೇಳಿದ್ರೆ ನೂರು ಜನರೂ ಹೇಳೋ ಮೊದಲನೇ ಪದ ಅದೇ. ಅಮ್ಮ ಮಾತ್ರ ಒಪ್ಪಲಿಲ್ಲ. ಕೊನೆಗೆ ಆ ಪದ ಇಲ್ಲದೆಯೇ ಜಾಹೀರಾತು ಬಂತು.

ಅಮ್ಮನ ಕಾರಣ ನಮಗೆಲ್ಲ ಗೊತ್ತು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಅಪ್ಪ ತಮ್ಮ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ರು. ಸ್ನೇಹಿತರ ವ್ಯಾಪಾರ ಮುಳುಗಿತು. ಕಂತು ಕಟ್ಟೋ ಸರದಿ ನಮ್ಮ ಮನೆಗೆ ಬಂತು. ಏಳು ವರ್ಷ ಕಟ್ಟಿದ್ವಿ. ಮೊದಲು ಅಮ್ಮನ ಬಳೆ ಹೋಯ್ತು, ಆಮೇಲೆ ಕುವೆಂಪುನಗರದ ಕಡೆ ತಗೋಬೇಕು ಅಂತಿದ್ದ ಸೈಟಿನ ಆಸೆ ಹೋಯ್ತು. ಆ ಸ್ನೇಹಿತರು ಮಾತ್ರ ದಿನಾ ಸಾಯಂಕಾಲ ಅಂಗಡಿಗೆ ಬರೋರು. ಇಬ್ಬರೂ ಬೈಟೂ ಕಾಫಿ ಕುಡಿಯೋರು. ಆ ಕಾಫಿ ಒಂದು ದಿನವೂ ತಪ್ಪಲಿಲ್ಲ.

ಹಾಗಾಗಿ ಸ್ನೇಹಜೀವಿ ಅನ್ನೋ ಪದ ಎಲ್ಲಿಂದ ಬಂತು, ಅದರೊಳಗೆ ಏನಿದೆ ಅಂತ ಹುಡುಕೋಕೆ ಕೂತೆ. ನಾನು ಬಿ.ಕಾಂ. ಓದಿದವಳು, ಭಾಷಾವಿಜ್ಞಾನ ಓದಿದವಳಲ್ಲ. ನಿಘಂಟು ನೋಡೋಕೆ ಪದವಿ ಬೇಕಾಗಲ್ಲ ಅನ್ನೋ ಧೈರ್ಯದ ಮೇಲೆ ಮುಂದಕ್ಕೆ ಹೋಗ್ತಿದ್ದೀನಿ.

ಮೊದಲು 'ಸ್ನೇಹ'. ಸಂಸ್ಕೃತದಲ್ಲಿ ಈ ಪದಕ್ಕೆ ಎರಡು ಅರ್ಥ. ಒಂದು ನಮಗೆಲ್ಲ ಗೊತ್ತಿರೋ ಪ್ರೀತಿ, ಅಕ್ಕರೆ. ಇನ್ನೊಂದು ಎಣ್ಣೆ. ಹೌದು, ತಲೆಗೆ ಹಚ್ಚೋ, ದೀಪಕ್ಕೆ ಹಾಕೋ ಎಣ್ಣೆ. ಮೂಲ ಧಾತು 'ಸ್ನಿಹ್', ಅಂಟು, ಜಿಡ್ಡು, ಪಸೆ ಅನ್ನೋ ಅರ್ಥದ್ದು. ಒಬ್ಬರಿಗೊಬ್ಬರು ಅಂಟಿಕೊಳ್ಳೋದೇ ಸ್ನೇಹ ಅಂತ ಅರ್ಥ ಹಿಗ್ಗಿದೆ. ಇಂಗ್ಲಿಷಿನ 'ಸ್ನೋ', ಅಂದ್ರೆ ಹಿಮ, ಅದೂ ಇದೇ ಬೇರಿಂದ ಬಂದದ್ದು ಅಂತ ಭಾಷಾವಿಜ್ಞಾನಿಗಳು ಹೇಳ್ತಾರೆ. ಹಿಮವೂ ಬಿದ್ದ ಕಡೆ ಅಂಟ್ಕೊಳ್ಳುತ್ತಲ್ಲ.

ಎಣ್ಣೆ ಅನ್ನೋ ಅರ್ಥ ಇವತ್ತಿಗೂ ಸತ್ತಿಲ್ಲ. 1908ರಲ್ಲಿ ಶುರುವಾದ ನಮ್ಮ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ಯಾವ ವಿದ್ಯಾರ್ಥಿಯನ್ನಾದ್ರೂ ನಿಲ್ಲಿಸಿ ಸ್ನೇಹ ಎಷ್ಟು ಬಗೆ ಅಂತ ಕೇಳಿ. ನಾಲ್ಕು ಅಂತಾರೆ: ತುಪ್ಪ, ಎಣ್ಣೆ, ಕೊಬ್ಬು, ಮಜ್ಜೆ. ಪಂಚಕರ್ಮಕ್ಕೆ ಮುಂಚೆ ಮಾಡೋ 'ಸ್ನೇಹನ' ಅಂದ್ರೆ ಮೈಗೆ ಜಿಡ್ಡು ಹಿಡಿಸೋದು, ಫ್ರೆಂಡ್‌ಶಿಪ್ ಮಾಡಿಸೋದಲ್ಲ. ಹಳೇ ಕವಿಗಳಿಗೆ ಈ ಎರಡು ಅರ್ಥ ಅಂದ್ರೆ ಹಬ್ಬ. ಸ್ನೇಹ ತೀರಿದ ಮೇಲೆ ದೀಪ ಆರುತ್ತೆ ಅಂತ ಶ್ಲೇಷೆ ಕಟ್ಟೋಕೆ ಎಷ್ಟು ಸುಲಭ ನೋಡಿ.

ಅಂದಹಾಗೆ, ನಮ್ಮ ಹುಡುಗರು ಶನಿವಾರ ಸಾಯಂಕಾಲ ಸ್ನೇಹಿತರ ಜೊತೆ 'ಎಣ್ಣೆ ಹಾಕೋಕೆ' ಹೋಗ್ತಾರಲ್ಲ, ಅವರು ಗೊತ್ತಿಲ್ಲದೇನೇ ಸಂಸ್ಕೃತದ ಎರಡೂ ಅರ್ಥ ಒಟ್ಟಿಗೆ ಸೇರಿಸ್ತಿದ್ದಾರೆ.

ಈ ಸ್ನೇಹ ಕನ್ನಡದ ಬಾಯಿಗೆ ಬಿದ್ದು 'ನೇಹ' ಆಯ್ತು. ಸ್ಕೂಲಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದೋರಿಗೆ ನೆನಪಿರುತ್ತೆ. ವಚನಗಳಲ್ಲಿ ನೇಹ ಸಿಗುತ್ತೆ. ಈಗ ನೇಹ ಅಂದ್ರೆ ಕವಿತೆಯ ಪದ, ಇಲ್ಲಾ ಪಕ್ಕದ ಮನೆ ಹುಡುಗಿಯ ಹೆಸರು. ದಿನದ ಬಳಕೆಗೆ ಮತ್ತೆ ಸಂಸ್ಕೃತದ 'ಸ್ನೇಹ'ವೇ ವಾಪಸ್ ಬಂದು ಕೂತಿದೆ.

ಇನ್ನು 'ಜೀವಿ'. ಇದು ನನಗೆ ಇನ್ನೂ ಮಜಾ ಅನಿಸ್ತು, ಯಾಕಂದ್ರೆ ಇದು ಪಕ್ಕಾ ಕಾಮರ್ಸ್ ಪದ. ಸಮಾಸದ ಕೊನೆಗೆ ಜೀವಿ ಬಂದ್ರೆ ಸಾಮಾನ್ಯವಾಗಿ 'ಅದರಿಂದ ಬದುಕೋನು' ಅಂತ ಅರ್ಥ. ಪಾಣಿನಿಯ ವ್ಯಾಕರಣದಲ್ಲಿ 'ಆಯುಧಜೀವಿ' ಅನ್ನೋ ಪದ ಬರುತ್ತೆ, ಆಯುಧ ಹಿಡಿದು ಹೊಟ್ಟೆ ಹೊರೆಯೋರು. ಶ್ರಮಜೀವಿ ಶ್ರಮದಿಂದ ಬದುಕ್ತಾನೆ, ಬುದ್ಧಿಜೀವಿ ಬುದ್ಧಿಯಿಂದ, ಪರೋಪಜೀವಿ ಬೇರೆಯವರ ಮೇಲೆ. ಆ ಲೆಕ್ಕದಲ್ಲಿ ಸ್ನೇಹಜೀವಿ ಅಂದ್ರೆ ಸ್ನೇಹವೇ ಜೀವನೋಪಾಯ ಆದವನು. ಅಮ್ಮನಿಗೆ ಇದನ್ನ ಹೇಳಿದೆ. "ಉಪಾಯ ನಂಗೆ ಗೊತ್ತಿಲ್ಲ, ಅವರ ಸ್ನೇಹಕ್ಕೆ ಜೀವನ ಕೊಟ್ಟೋಳು ನಾನು" ಅಂದ್ರು. ಎಣ್ಣೆಯ ಕಥೆಯನ್ನೂ ಹೇಳಿದೆ. "ಎಣ್ಣೆ ಕೈಗೆ ಅಂಟಿದ್ರೆ ಸೋಪು ಹಾಕಿ ತೊಳ್ಕೋಬಹುದು. ಸೀರೆಗೆ ಅಂಟಿದ್ರೆ ಹೋಗಲ್ಲ" ಅಂದ್ರು. ಭಾಷಾವಿಜ್ಞಾನ ಓದದೇ ಇರೋರು ಇಬ್ಬರಾದ್ವಿ ಮನೇಲಿ.

ಸರಿ, ಸಂಸ್ಕೃತ ಬಿಟ್ಟು ಅಚ್ಚಗನ್ನಡಕ್ಕೆ ಬರೋಣ. ನಮ್ಮದೇ ಪದ 'ಗೆಳೆಯ'. ಇದರ ಹಳಗನ್ನಡ ರೂಪ 'ಕೆಳೆಯ', ಸ್ನೇಹಕ್ಕೆ 'ಕೆಳೆ'. ಪದದ ಮೊದಲಿನ 'ಕ' ಕನ್ನಡದಲ್ಲಿ ಎಷ್ಟೋ ಕಡೆ 'ಗ' ಆಗಿದೆ. ತಮಿಳಿನ ಕಿಳಿ ನಮ್ಮಲ್ಲಿ ಗಿಳಿ. ಹಾಗೆ ಕೆಳೆಯ ಗೆಳೆಯ ಆದ. ಹೆಣ್ಣಿಗೆ 'ಕೆಳದಿ' ಅನ್ನೋರು, ಅದು ಗೆಳತಿ ಆಯ್ತು. (ಇದನ್ನ ಇಟ್ಕೊಂಡು ಶಿವಮೊಗ್ಗ ಜಿಲ್ಲೆಯ ಕೆಳದಿ ಊರಿಗೆ ಕಥೆ ಕಟ್ಟೋಕೆ ಹೋಗ್ಬೇಡಿ, ಪ್ಲೀಸ್.)

ಬರೋ ಮತ್ತು ಎಮನೋ ಅಂತ ಇಬ್ಬರು ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟು ಹೊರತಂದ್ರು. ಬೇರೆ ಬೇರೆ ದ್ರಾವಿಡ ಭಾಷೆಗಳ ಒಂದೇ ಬೇರಿನ ಪದಗಳನ್ನ ಅದರಲ್ಲಿ ಒಂದೊಂದು ಗುಂಪಾಗಿ ಇಟ್ಟಿದ್ದಾರೆ. ನಮ್ಮ 'ಕೆಳೆ' ಇರೋ ಗುಂಪಿನಲ್ಲೇ ತಮಿಳಿನ 'ಕೇಳ್' ಇದೆ. ಅದರ ಅರ್ಥ ಬಂಧು, ನೆಂಟ, ಸ್ನೇಹಿತ, ಗಂಡ ಕೂಡ. ಸಂಗಂ ಕಾಲದ ಪುರನಾನೂರಿನಲ್ಲಿ ಕಣಿಯನ್ ಪೂಂಗುನ್ರನಾರ್ ಬರೆದ ಒಂದು ಪದ್ಯ ತುಂಬಾ ಪ್ರಸಿದ್ಧ, ದೊಡ್ಡ ದೊಡ್ಡ ವೇದಿಕೆಗಳಲ್ಲಿ ಹೇಳ್ತಿರ್ತಾರೆ. ಅದರಲ್ಲಿ ಬರೋ 'ಕೇಳಿರ್' ಇದೇ ಪದ. ಅಲ್ಲಿ ಅದಕ್ಕೆ ನೆಂಟರು, ನಮ್ಮವರು ಅನ್ನೋ ಅರ್ಥ.

ಈಗ ತಿರುಗಿಸಿ ನೋಡಿ. ಇವತ್ತಿನ ತಮಿಳಿನಲ್ಲಿ ಸ್ನೇಹಿತನಿಗೆ 'ನಣ್ಬನ್' ಅಂತಾರೆ. ಅದೇ ಬೇರಿನ ಪದ ಕನ್ನಡದಲ್ಲಿ ಯಾವುದು ಗೊತ್ತಾ? 'ನಂಟ'. ನಮ್ಮ ನೆಂಟ! ಅಂದ್ರೆ ಒಂದು ಪದ ತಮಿಳಲ್ಲಿ ಸ್ನೇಹಿತ, ಕನ್ನಡದಲ್ಲಿ ಸಂಬಂಧಿಕ. ಇನ್ನೊಂದು ಪದ ತಮಿಳಲ್ಲಿ ಸಂಬಂಧಿಕ, ಕನ್ನಡದಲ್ಲಿ ಸ್ನೇಹಿತ. ಅಕ್ಕಪಕ್ಕದ ಎರಡು ಮನೆಯವರು ಪಾತ್ರೆ ಬದಲಾಯಿಸ್ಕೊಂಡ ಹಾಗಿದೆ. ನಾನು ಇದನ್ನ ಓದಿದ ರಾತ್ರಿ ಹನ್ನೊಂದೂವರೆಗೆ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಅಷ್ಟೇನೂ ಅನಿಸಲಿಲ್ಲ. ನನಗೆ ಇದು ದೊಡ್ಡ ವಿಷಯ. ಯಾಕಂದ್ರೆ ಈ ಪದಗಳು ಬಳಕೆಗೆ ಬಂದ ಕಾಲದಲ್ಲಿ ಸ್ನೇಹಿತ ಬೇರೆ, ನೆಂಟ ಬೇರೆ ಅನ್ನೋ ಗೆರೆ ಇಷ್ಟು ದಪ್ಪ ಇದ್ದ ಹಾಗೆ ಕಾಣಲ್ಲ. ನಿನ್ನ ಪಕ್ಕ ನಿಲ್ಲೋನು ನಿನ್ನವನು, ಅಷ್ಟೇ. ಈಗಲೂ ಕಾಲೇಜು ಕ್ಯಾಂಟೀನಲ್ಲಿ ಸ್ನೇಹಿತನನ್ನ ಏನಂತ ಕರೀತಾರೆ? 'ಮಗಾ'. ಬೆಂಗಳೂರಿಗೆ ಹೋದ್ರೆ 'ಮಚ್ಚಾ', ಅದು ತಮಿಳಿನ 'ಮಚ್ಚಾನ್', ಭಾವಮೈದುನ. ಸ್ನೇಹಿತನಿಗೆ ನೆಂಟಸ್ತಿಕೆಯ ಪದ ಅಂಟಿಸೋ ಚಾಳಿ ಹೋಗೇ ಇಲ್ಲ.

ಸ್ನೇಹಿತನಿಗೆ ಇನ್ನೊಂದು ಪದ 'ಮಿತ್ರ'. ಮೈಸೂರಿನವರಿಗೆ ಈ ಪದ ಬೆಳಗಿನ ಕಾಫಿ ಜೊತೆ ಬರುತ್ತೆ. ಕೆ.ಬಿ. ಗಣಪತಿಯವರು 1978ರಲ್ಲಿ ಶುರು ಮಾಡಿದ 'ಮೈಸೂರು ಮಿತ್ರ' ಪತ್ರಿಕೆ ಇದೆಯಲ್ಲ. ವೇದದಲ್ಲಿ ಮಿತ್ರ ಒಬ್ಬ ದೇವತೆ, ಇರಾನಿನಲ್ಲೂ ಮಿಥ್ರ ಅಂತ ಅದೇ ದೇವತೆ. 1907ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯೆ ಒಂದು ವಾದ ಮುಂದಿಟ್ಟರು: ಈ ಪದದ ಮೂಲ ಅರ್ಥ 'ಒಪ್ಪಂದ', ಒಪ್ಪಂದವೇ ದೇವರಾಗಿ ನಿಂತಿದೆ ಅಂತ. ಇರಾನಿನ ಹಳೇ ಭಾಷೆಯಲ್ಲಿ ಈ ಪದಕ್ಕೆ ಒಪ್ಪಂದ ಅನ್ನೋ ಅರ್ಥ ನೇರವಾಗೇ ಇದೆ. ಅಂದ್ರೆ ಮಿತ್ರ ಅಂದ್ರೆ ಮೊದಲು ಕರಾರು, ಆಮೇಲೆ ಕರಾರಿನ ಇನ್ನೊಂದು ಕಡೆಯವನು, ಕೊನೆಗೆ ಸ್ನೇಹಿತ. ಸಂಸ್ಕೃತದಲ್ಲಿ ಸ್ನೇಹಿತ ಅನ್ನೋ ಅರ್ಥದ ಮಿತ್ರ ನಪುಂಸಕಲಿಂಗ. ಮನುಷ್ಯನಿಗೆ ಹೇಳೋ ಪದ ನಪುಂಸಕಲಿಂಗ ಯಾಕೆ ಅನ್ನೋ ಪ್ರಶ್ನೆಗೂ ಇದರಲ್ಲೇ ಉತ್ತರದ ಎಳೆ ಸಿಗುತ್ತೆ.

ಮಿತ್ರ ಅಂದಾಗ ಮೈಸೂರಿನ ಇನ್ನೊಂದು ಕಥೆ ಹೇಳಲೇಬೇಕು. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿ ಅದನ್ನ ಬಿಚ್ಚಿ ನೋಡಿದ್ರೆ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ರಾಜ್ಯಕ್ಕೆ ಏಳು ಅಂಗ ಅಂತ ಅದರಲ್ಲಿದೆ: ರಾಜ, ಮಂತ್ರಿ, ನಾಡು, ಕೋಟೆ, ಬೊಕ್ಕಸ, ಸೈನ್ಯ, ಏಳನೆಯದು ಮಿತ್ರ. ಪಕ್ಕದ ರಾಜ ಶತ್ರು, ಅವನ ಆಚೆ ಪಕ್ಕದವನು ಮಿತ್ರ. ಇದರಲ್ಲಿ ಅಕ್ಕರೆಯ ಮಾತೇ ಇಲ್ಲ, ಬರೀ ಮ್ಯಾಪು.

ಅಷ್ಟೇ ಅಲ್ಲ, ಮಿತ್ರರಲ್ಲಿ ಬಗೆಗಳನ್ನೂ ಹೇಳ್ತಾನೆ. ಒಂದು ರಾಜ್ಯ ದಾಟಿ ಅದರಾಚೆ ಇರೋನು ಪ್ರಕೃತಿಮಿತ್ರ. ತಾಯಿಯ ಕಡೆ ತಂದೆಯ ಕಡೆ ಸಂಬಂಧ ಇರೋನು ಸಹಜಮಿತ್ರ. ಹಣಕ್ಕೋ ಪ್ರಾಣಕ್ಕೋ ಆಸರೆ ಬೇಡಿ ಬಂದವನು 'ಕೃತ್ರಿಮ' ಮಿತ್ರ. ಇಲ್ಲಿ ಕೃತ್ರಿಮ ಅಂದ್ರೆ ನಾವು ಈಗ ಹೇಳೋ ಮೋಸಗಾರ ಅಂತಲ್ಲ, ಹುಟ್ಟಿನಿಂದ ಬಂದದ್ದಲ್ಲ, ಮಾಡ್ಕೊಂಡದ್ದು ಅಂತ. ಆದ್ರೂ ಇದನ್ನ ಓದುವಾಗ ಅಂಗಡಿ ಮುಂದೆ ಸ್ಟೂಲ್ ಮೇಲೆ ಕೂತು ಬೈಟೂ ಕಾಫಿ ಕುಡೀತಿದ್ದೋರು ನೆನಪಾಗದೇ ಇರಲಿಲ್ಲ.

ಬಿ.ಕಾಂ.ನಲ್ಲಿ ನಮಗೆ 1872ರ ಕರಾರು ಕಾಯಿದೆ ಇತ್ತು. ಸೆಕ್ಷನ್ 126 ಜಾಮೀನು ಅಂದ್ರೇನು ಅಂತ ಹೇಳುತ್ತೆ. ಮೂರು ಜನ ಇರ್ತಾರೆ: ಸಾಲ ಕೊಟ್ಟವನು, ತಗೊಂಡವನು, ಜಾಮೀನು ನಿಂತವನು. ಸೆಕ್ಷನ್ 128ರ ಪ್ರಕಾರ ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅರ್ಧ ಅಲ್ಲ, ಕಾಲು ಅಲ್ಲ, ಅಷ್ಟೇ. ಕ್ಲಾಸಲ್ಲಿ ಇದನ್ನ ಪಾಠ ಮಾಡಿದ ದಿನ ನಾನು ನೋಟ್ಸ್ ಬರ್ಕೊಳ್ಳಲಿಲ್ಲ. ನಾನು ಲೆಕ್ಕ ಹಾಕ್ತಿದ್ದದ್ದು ಬೇರೆ: ಆ ಮೂರು ಜನರಲ್ಲಿ ಅಮ್ಮ ಎಲ್ಲಿದ್ದಾರೆ? ಕಾಯಿದೆಯಲ್ಲಿ ಇಲ್ಲ. ಸಹಿ ಅಪ್ಪನದು. ಬಳೆ ಅಮ್ಮನದು.

ನಮ್ಮ ಸಾಹಿತ್ಯದ ಅತಿ ದೊಡ್ಡ ಜಾಮೀನುದಾರ ಅಂದ್ರೆ ಕರ್ಣ. 941ರ ಸುಮಾರಿಗೆ ಬಂದ ಪಂಪನ ಭಾರತದಲ್ಲಿ ಅರ್ಜುನ ನಾಯಕ, ಆದ್ರೆ ಪಂಪನ ಮನಸ್ಸು ಕರ್ಣನ ಕಡೆ ಎಷ್ಟು ವಾಲಿದೆ ಅಂತ ಓದಿದವರಿಗೆ ಗೊತ್ತು. ಭಾನುಮತಿಯ ಪಗಡೆಯಾಟದ ಪ್ರಸಂಗ ಇದೆಯಲ್ಲ, ಅವಳು ಆಡ್ತಿದ್ದದ್ದು ಯಾರ ಜೊತೆ, ಕರ್ಣನ ಜೊತೆಗೋ ದುರ್ಯೋಧನನ ಜೊತೆಗೋ ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ. ಯಾವ ಅರ್ಥ ತಗೊಂಡ್ರೂ ಅದು ಇಬ್ಬರು ಗಂಡಸರ ಸ್ನೇಹ ಎಷ್ಟು ದೊಡ್ಡದು ಅಂತ ತೋರಿಸೋಕೆ ಬರೋ ಪ್ರಸಂಗ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಕರ್ಣನಿಗಾಗಿ ಅಳೋದು ಪಿಯುಸಿ ಪಾಠದಲ್ಲಿ ಕೇಳಿದಾಗಲೂ ಗಂಟಲು ಕಟ್ಟುತ್ತೆ. ಆಟದಲ್ಲಿ ಭಾನುಮತಿಗೆ ಏನನಿಸ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಒಂದು ಕಂತು ಪೂರ್ತಿ ಅದಕ್ಕೇ ಕೊಡ್ತೀನಿ.

'ದೋಸ್ತ್' ಬಗ್ಗೆ ಬೇಗ ಹೇಳಿಬಿಡ್ತೀನಿ. ಪಾರ್ಸಿ ಪದ. ಅದರ ಹಳೇ ರೂಪ ದಾರಿಯಸ್ ದೊರೆಯ ಶಾಸನಗಳಲ್ಲೇ ಇದೆ, ಕ್ರಿಸ್ತಪೂರ್ವ ಐದಾರನೇ ಶತಮಾನದ್ದು. ಬೇರಿನ ಅರ್ಥ ರುಚಿ ನೋಡು, ಇಷ್ಟಪಡು, ಆರಿಸು. ಇಂಗ್ಲಿಷಿನ 'ಚೂಸ್' ಇದರ ದೂರದ ತಂಗಿ. 2018ರ ಮೇ ತಿಂಗಳಲ್ಲಿ ಜೆಡಿಎಸ್-ಕಾಂಗ್ರೆಸ್ ಸೇರಿ ಕುಮಾರಸ್ವಾಮಿ ಮುಖ್ಯಮಂತ್ರಿ ಆದಾಗ ನಮ್ಮ ಚಾನೆಲ್‌ಗಳು ಅದನ್ನ ಒಂದು ದಿನ 'ಮೈತ್ರಿ ಸರ್ಕಾರ' ಅಂದ್ರೆ ಇನ್ನೊಂದು ದಿನ 'ದೋಸ್ತಿ ಸರ್ಕಾರ' ಅನ್ನೋರು. ಮೈತ್ರಿ ಅಂದ್ರೆ ಕರಾರು, ದೋಸ್ತಿ ಅಂದ್ರೆ ಇಷ್ಟಪಟ್ಟು ಆರಿಸ್ಕೊಂಡದ್ದು. ಯಾವ ಪದ ಸರಿ ಇತ್ತು ಅಂತ 2019ರ ಜುಲೈನಲ್ಲಿ ಗೊತ್ತಾಯ್ತು.

ಈಗೀಗ 'ಸ್ನೇಹಿ' ಅನ್ನೋದು ಬಾಲದ ಥರ ಎಲ್ಲದಕ್ಕೂ ಅಂಟ್ಕೊಂಡಿದೆ. ಪರಿಸರಸ್ನೇಹಿ ಗಣಪ, ರೈತಸ್ನೇಹಿ ಬಜೆಟ್, ಜನಸ್ನೇಹಿ ಪೊಲೀಸ್. ಇಂಗ್ಲಿಷಿನ 'ಫ್ರೆಂಡ್ಲಿ'ಯ ನೇರ ಅನುವಾದ. ಗಣಪ ಮಣ್ಣಿನದು ಅಂತ ಹೇಳಿದ್ರೆ ಸಾಕಿತ್ತು.

ಸ್ನೇಹಜೀವಿಗೆ ವಾಪಸ್ ಬರ್ತೀನಿ. ಜಗಳ ಆದ ಮೇಲೆ ಒಂದು ಅಭ್ಯಾಸ ಹತ್ತಿಬಿಡ್ತು, ಬೆಳಿಗ್ಗೆ ಪೇಪರ್ ತಗೊಂಡ್ರೆ ಮೊದಲು ಶ್ರದ್ಧಾಂಜಲಿ ಪುಟ. ಲೆಕ್ಕ ಬರೆದಿಟ್ಟಿಲ್ಲ, ಕಣ್ಣಿಗೆ ಬಿದ್ದದ್ದು ಹೇಳ್ತೀನಿ. ಗಂಡಸರು ಸ್ನೇಹಜೀವಿ, ಅಜಾತಶತ್ರು, ಪರೋಪಕಾರಿ. ಹೆಂಗಸರು ಮಮತಾಮಯಿ, ವಾತ್ಸಲ್ಯಮೂರ್ತಿ, ಸದ್ಗೃಹಿಣಿ. ಹೆಂಗಸೊಬ್ಬರಿಗೆ ಸ್ನೇಹಜೀವಿ ಅಂತ ಹಾಕಿದ್ದು ನಾನು ಇನ್ನೂ ನೋಡಬೇಕು. ಮನೆ ಹೊರಗೆ ಹರಡೋ ಎಣ್ಣೆಗೆ ಒಂದು ಹೆಸರು, ಮನೆ ಒಳಗೆ ಉರಿಯೋ ಎಣ್ಣೆಗೆ ಇನ್ನೊಂದು. 'ಗೆಳೆಯ-ಗೆಳತಿ' ಜೋಡಿಯನ್ನೇ ನೋಡಿ. ಅಪ್ಪ "ನನ್ನ ಗೆಳೆಯ" ಅಂದ್ರೆ ಕಾಫಿ ಬರುತ್ತೆ. ನಾನು ಅದೇ ಎರಡು ಪದ ಹೇಳಿದ್ರೆ ಮನೆಯಲ್ಲಿ ಮೀಟಿಂಗ್ ಕರೀತಾರೆ.

ಆ ಏಳು ವರ್ಷ ನಮ್ಮನ್ನ ನಡೆಸಿದವರು ಇನ್ನೊಬ್ಬರಿದ್ದಾರೆ. ವಠಾರದ ಪಕ್ಕದ ಮನೆಯ ಆಂಟಿ. ನನ್ನ ಕಾಲೇಜು ಫೀಸನ್ನ ಎರಡು ಸಲ ಅವರು ಕಟ್ಟಿದ್ದಾರೆ, ತಮ್ಮ ಹೊಲಿಗೆ ದುಡ್ಡಿಂದ. ಕಾಗದ ಇಲ್ಲ, ಸಹಿ ಇಲ್ಲ, ಅವರ ಮನೆಯವರಿಗೂ ಗೊತ್ತಿರಲಿಲ್ಲ. ಅಮ್ಮ ಅದನ್ನ ಹಪ್ಪಳ ಸಂಡಿಗೆ ಮಾಡಿ ಮಾರಿ ತೀರಿಸಿದ್ರು. ಈ ಕಂತಿಗೆ ಅಂತಾನೇ ಅಮ್ಮನ್ನ ಕೇಳಿದೆ, ಹಾಗಾದ್ರೆ ಆಂಟಿ ಸ್ನೇಹಜೀವೀನಾ? ಅಮ್ಮ ಬದನೆಕಾಯಿ ಹೆಚ್ತಾ ಇದ್ರು. ಒಂದು ಕ್ಷಣ ಕೈ ನಿಲ್ಲಿಸಿದ್ರು. "ಅವಳಾ? ಅವಳು ಯಾರ ಜೊತೇನೂ ಸೇರಲ್ಲ, ಮಾತೂ ಕಮ್ಮಿ. ಸ್ನೇಹಜೀವಿ ಎಲ್ಲಿಂದ ಬಂತು. ಅವಳು ನಮ್ಮೋಳು" ಅಂದ್ರು.

ಕೇಳಿರ್. ನಾನು ಅಲ್ಲೇ ಅಡುಗೆಮನೆ ಕಟ್ಟೆ ಮೇಲೆ ಕೂತು ಅವರಿಗೆ ಪುರನಾನೂರು ಹೇಳೋಕೆ ಹೋದೆ. "ಮೊದಲು ಒಗ್ಗರಣೆ ನೋಡು, ಹೊತ್ತುತ್ತಿದೆ" ಅಂದ್ರು.

ಹೋದ ತಿಂಗಳು ವರ್ಷಾಬ್ದಿಕ ಆಯ್ತು. ಅಪ್ಪನ ಆ ಸ್ನೇಹಿತರೂ ಬಂದಿದ್ರು, ಪಂಕ್ತಿಯಲ್ಲಿ ನೀರು ಬಡಿಸಿದ್ರು. ಅಮ್ಮ ಅವರಿಗೆ ಎರಡನೇ ವಡೆ ಹಾಕಿದ್ರು, ಮಾತಾಡಲಿಲ್ಲ. ಅದಕ್ಕೂ ಹಿಂದಿನ ವಾರ ಅಣ್ಣ ಮತ್ತೆ ಜಾಹೀರಾತು ಬರ್ಕೊಂಡು ಬಂದಿದ್ದ, ಮತ್ತೆ ಅದೇ ಪದ. ಈ ಸಲ ಅಮ್ಮ ತೆಗಿ ಅನ್ನಲಿಲ್ಲ. "ಹಾಕ್ಕೋ. ಅವರು ಇದ್ದದ್ದೇ ಹಾಗೆ. ಕೆಳಗೆ ದುಃಖತಪ್ತರು ಅಂತ ಇದೆಯಲ್ಲ, ಅಲ್ಲಿ ಮಾತ್ರ ನನ್ನ ಹೆಸರು ಮೊದಲು ಬರಲಿ" ಅಂದ್ರು. ಹಾಗೇ ಬಂತು.

ನಿಮ್ಮೂರಲ್ಲಿ, ನಿಮ್ಮ ಮನೇಲಿ ಇಂಥವರಿಗೆ ಏನಂತಾರೆ? ಕುಂದಾಪುರದವರು, ಕಲಬುರಗಿಯವರು, ಕಾಸರಗೋಡಿನವರು, ಕೊಳ್ಳೇಗಾಲದವರು ನಿಮ್ಮ ಪದಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಅದರಲ್ಲೂ ಮಾತು ಕಮ್ಮಿ ಇದ್ದು ಕಷ್ಟಕ್ಕೆ ಆಗೋರಿಗೆ ನಿಮ್ಮ ಕಡೆ ಒಂದು ಪದ ಇದ್ರೆ ಖಂಡಿತ ಕಳಿಸಿ, ನನಗೆ ಇನ್ನೂ ಸಿಕ್ಕಿಲ್ಲ. ಮುಂದಿನ ಕಂತಲ್ಲಿ ಸಿಗೋಣ.